ತೂಕದ ಮುಳ್ಳು ನಿಂತಾಗ ತಟ್ಟೆಗೆ ಎಷ್ಟು ಸೇರಿಸಬೇಕು?

ಜಿಮ್ ಸೇರಿದ ಮೊದಲ ಎರಡು ಮೂರು ತಿಂಗಳು ತೂಕದ ಯಂತ್ರದ ಮುಳ್ಳು ಉತ್ಸಾಹದಿಂದ ಮೇಲೇರುತ್ತದೆ. ತೋಳು ತುಂಬಿಕೊಳ್ಳುತ್ತದೆ, ಅಂಗಿ ಬಿಗಿಯಾಗುತ್ತದೆ. ಆಮೇಲೊಂದು ದಿನ ಮುಳ್ಳು ಇದ್ದಲ್ಲೇ ನಿಲ್ಲುತ್ತದೆ. ಅದೇ ವ್ಯಾಯಾಮ, ಅದೇ ಊಟ. ತೂಕ ಮಾತ್ರ ಹೆಚ್ಚದು. ಈ ಹಂತದಲ್ಲಿ ಅನೇಕ ಯುವಕರು ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ಸಿಕ್ಕಿದ್ದನ್ನೆಲ್ಲ ತಿಂದು ಹೊಟ್ಟೆ ಬೆಳೆಸಿಕೊಳ್ಳುವುದು ಒಂದು. ಸಾವಿರಾರು ರೂಪಾಯಿ ತೆತ್ತು ಪುಡಿಯ ಡಬ್ಬಿ ಕೊಳ್ಳುವುದು ಇನ್ನೊಂದು. ಇವೆರಡಕ್ಕೂ ಮುನ್ನ ಮಾಡಬೇಕಾದ ಸರಳ ಲೆಕ್ಕವೊಂದಿದೆ.

ಮುಳ್ಳು ನಿಲ್ಲುವುದೇಕೆ?

ತೂಕ ಹೆಚ್ಚಬೇಕಾದರೆ ದೇಹ ವ್ಯಯಿಸುವುದಕ್ಕಿಂತ ಅಧಿಕ ಶಕ್ತಿ ಆಹಾರದಿಂದ ದೊರೆಯಬೇಕು. ಆದರೆ ದೇಹದ ಖರ್ಚು ಸ್ಥಿರವಾದುದಲ್ಲ. ಹೆಚ್ಚಿದ ಪ್ರತಿ ಕಿಲೋ ತೂಕವನ್ನು ಪೋಷಿಸಲು ಮತ್ತು ಹೊತ್ತು ತಿರುಗಲು ದಿನಕ್ಕೆ ಸುಮಾರು 20ರಿಂದ 25 ಕ್ಯಾಲೊರಿ ಬೇಕು. ತಿಂದ ಆಹಾರವನ್ನು ಜೀರ್ಣಿಸಿಕೊಳ್ಳಲು ಅದರಲ್ಲಿನ ಶಕ್ತಿಯ ಹತ್ತನೆಯ ಒಂದು ಭಾಗದಷ್ಟು ವ್ಯಯವಾಗುತ್ತದೆ. ಇವೆರಡರ ಜೊತೆಗೆ, ಹೆಚ್ಚು ಉಂಡಾಗ ಕೆಲವರು ತಮಗೆ ಅರಿವಿಲ್ಲದೆಯೇ ಹೆಚ್ಚು ಓಡಾಡುತ್ತಾರೆ, ಕುಳಿತಲ್ಲೇ ಚಡಪಡಿಸುತ್ತಾರೆ.

ಈ ಕೊನೆಯ ಅಂಶ ಸಣ್ಣದಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನ ಜೇಮ್ಸ್ ಲೆವಿನ್ ಮತ್ತು ಸಂಗಡಿಗರು 16 ಮಂದಿಗೆ ಎಂಟು ವಾರ ಕಾಲ ದಿನಕ್ಕೆ 1,000 ಕ್ಯಾಲೊರಿ ಹೆಚ್ಚುವರಿ ಆಹಾರ ನೀಡಿದರು. 1999ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಒಬ್ಬರಿಗೆ ಸೇರಿದ ಕೊಬ್ಬು ಅರ್ಧ ಕಿಲೋಗಿಂತ ಕಡಿಮೆ. ಇನ್ನೊಬ್ಬರಿಗೆ ನಾಲ್ಕು ಕಿಲೋಗಿಂತ ಹೆಚ್ಚು. ದೈನಂದಿನ ಸಣ್ಣಪುಟ್ಟ ಚಲನವಲನದಲ್ಲಿನ ಅಂತರವೇ ಇದಕ್ಕೆ ಮುಖ್ಯ ಕಾರಣವಾಗಿತ್ತು. ಗೆಳೆಯನ ಆಹಾರ ಪಟ್ಟಿಯನ್ನು ಯಥಾವತ್ತಾಗಿ ಅನುಸರಿಸಿದರೆ ಅದೇ ಫಲ ದೊರೆಯದಿರುವುದು ಇದರಿಂದಲೇ.

ಒಂದು ಉದಾಹರಣೆ ನೋಡಬಹುದು. 58 ಕಿಲೋ ತೂಕದ ಯುವಕನೊಬ್ಬನಿಗೆ ತೂಕ ಕಾಯ್ದುಕೊಳ್ಳಲು ದಿನಕ್ಕೆ 2,300 ಕ್ಯಾಲೊರಿ ಸಾಕು ಎಂದಿಟ್ಟುಕೊಳ್ಳೋಣ. ಆತ 2,550 ಕ್ಯಾಲೊರಿ ಸೇವಿಸತೊಡಗಿದರೆ ನಿತ್ಯ 250 ಉಳಿತಾಯ. ನಾಲ್ಕು ಕಿಲೋ ಹೆಚ್ಚಿದ ಬಳಿಕ ತೂಕದ ಕಾರಣಕ್ಕೇ ಸುಮಾರು 100 ಕ್ಯಾಲೊರಿ ಖರ್ಚಾಗುತ್ತದೆ. ಉಳಿದುದನ್ನು ಹೆಚ್ಚಿದ ವ್ಯಾಯಾಮ ಹಾಗೂ ಓಡಾಟ ನುಂಗಿಹಾಕುತ್ತವೆ. ನಿನ್ನೆಯ ಹೆಚ್ಚುವರಿ ಊಟ ಇಂದಿನ ಸಾಮಾನ್ಯ ಊಟವಾಗಿಬಿಡುತ್ತದೆ.

ಮೊದಲು ಅಳತೆ, ನಂತರ ಆಹಾರ

ತೂಕ ನಿಜಕ್ಕೂ ನಿಂತಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ದೇಹದಲ್ಲಿನ ನೀರಿನ ಏರಿಳಿತದಿಂದಲೇ ತೂಕ ದಿನದಿಂದ ದಿನಕ್ಕೆ ಒಂದು ಕಿಲೋವರೆಗೆ ವ್ಯತ್ಯಾಸವಾಗಬಹುದು. ಮದುವೆ ಊಟದ ಮಾರನೆಯ ದಿನ ತೂಕ ಏರಿದ್ದರೆ ಅದು ಸ್ನಾಯುವಲ್ಲ. ಉಪ್ಪು ಹಿಡಿದಿಟ್ಟ ನೀರು. ಆರಂಭದ ವೇಗದ ಏರಿಕೆಯಲ್ಲೂ ಸ್ನಾಯುಗಳು ಕೂಡಿಟ್ಟುಕೊಳ್ಳುವ ಗ್ಲೈಕೋಜನ್ ಮತ್ತು ಅದರೊಂದಿಗೆ ಸೇರುವ ನೀರಿನ ಪಾಲು ಸಾಕಷ್ಟಿರುತ್ತದೆ.

ಆದ್ದರಿಂದ ನಿತ್ಯ ಬೆಳಿಗ್ಗೆ ಶೌಚದ ನಂತರ, ಏನನ್ನೂ ಸೇವಿಸುವ ಮುನ್ನ ತೂಕ ನೋಡಿ ಬರೆದಿಟ್ಟು, ವಾರದ ಸರಾಸರಿ ತೆಗೆಯುವುದು ಸೂಕ್ತ. ಎರಡು ಮೂರು ವಾರ ಸರಾಸರಿ ಕದಲದಿದ್ದರೆ ಮಾತ್ರ ಬದಲಾವಣೆಯ ಯೋಚನೆ ಮಾಡಬೇಕು. ಅದೇ ಅವಧಿಯಲ್ಲಿ ನಾಲ್ಕು ದಿನ ತಿಂದದ್ದನ್ನೆಲ್ಲ ಬರೆದಿಟ್ಟರೆ ಇನ್ನೊಂದು ಸತ್ಯವೂ ಹೊರಬೀಳಬಹುದು. ಬಸ್ ಹಿಡಿಯುವ ಧಾವಂತದಲ್ಲಿ ತಪ್ಪಿದ ತಿಂಡಿ, ಭಾನುವಾರ ಒಪ್ಪತ್ತಿಗೇ ಮುಗಿದ ಊಟ ಲೆಕ್ಕವನ್ನು ಬುಡಮೇಲು ಮಾಡಿರುತ್ತವೆ.

ಎಷ್ಟು ಸೇರಿಸಬೇಕು?

ದಿನಕ್ಕೆ 150ರಿಂದ 250 ಕ್ಯಾಲೊರಿ ಹೆಚ್ಚಿಸಿ ಎರಡು ವಾರ ಕಾಯುವುದು ಉತ್ತಮ ಕ್ರಮ. ಇದಕ್ಕೆ ವಿಶೇಷ ಅಡುಗೆ ಬೇಕಿಲ್ಲ. ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾದಲ್ಲಿ ಸುಮಾರು 170 ಕ್ಯಾಲೊರಿ ಇದೆ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ 100, 200 ಮಿಲಿಲೀಟರ್ ಹಾಲಿನಲ್ಲಿ 120ರಿಂದ 130, ಎರಡು ಟೀ ಚಮಚ ತುಪ್ಪದಲ್ಲಿ 90. ಒಂದು ಲೋಟ ಹಾಲು, ಒಂದು ಬಾಳೆಹಣ್ಣು ಸೇರಿದರೆ ಅಂದಿನ ಲೆಕ್ಕ ಮುಗಿಯಿತು.

ವಾರಕ್ಕೆ ದೇಹತೂಕದ ಶೇ. 0.25ರಿಂದ 0.5ರಷ್ಟು ಏರಿಕೆ ಸಮಂಜಸ. 60 ಕಿಲೋ ತೂಕದವರಿಗೆ ಇದು 150ರಿಂದ 300 ಗ್ರಾಂ. ಅನುಭವಿಗಳಿಗೆ ಇನ್ನೂ ಕಡಿಮೆ ಸಾಕು. ಸ್ನಾಯು ಬೆಳೆಯುವ ವೇಗಕ್ಕೆ ಮಿತಿಯಿದೆ. ಆ ಮಿತಿ ಮೀರಿ ಉಂಡದ್ದು ಕೊಬ್ಬಾಗಿ ಸೊಂಟದ ಸುತ್ತ ಸೇರುತ್ತದೆ. ಹೀಗಾಗಿ ತೂಕದ ಜೊತೆಗೆ ಸೊಂಟದ ಸುತ್ತಳತೆಯನ್ನೂ, ಎತ್ತುವ ಭಾರವನ್ನೂ ಗಮನಿಸಬೇಕು. ತೂಕ ನಿಂತಿದ್ದರೂ ಭಾರ ಎತ್ತುವ ಸಾಮರ್ಥ್ಯ ಏರುತ್ತಿದ್ದರೆ ಅವಸರ ಬೇಡ. ಸೊಂಟ ಹಿಗ್ಗಿ ಸಾಮರ್ಥ್ಯ ನಿಂತಿದ್ದರೆ ಕೊರತೆ ಊಟದಲ್ಲಿಲ್ಲ. ವ್ಯಾಯಾಮದಲ್ಲೋ ನಿದ್ರೆಯಲ್ಲೋ ಇದೆ.

ಡಬ್ಬಿಯ ಮೊರೆ ಬೇಕೆ?

ವ್ಯಾಯಾಮದೊಂದಿಗೆ ಸ್ನಾಯು ಬೆಳೆಸುವವರಿಗೆ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ ಸರಾಸರಿ 1.6 ಗ್ರಾಂ ಪ್ರೋಟೀನ್ ಮೀರಿದರೆ ಹೆಚ್ಚಿನ ಲಾಭವಿಲ್ಲವೆಂದು 49 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆ ತಿಳಿಸಿದೆ. ಬೇಳೆ, ಕಾಳು, ಹಾಲು, ಮೊಸರು, ಮೊಟ್ಟೆ, ಮೀನುಗಳನ್ನು ಯೋಜಿಸಿ ಉಂಡರೆ ಇದರ ಬಹುಪಾಲು ಅಡುಗೆಮನೆಯಲ್ಲೇ ದೊರೆಯುತ್ತದೆ. ತೂಕ ಹೆಚ್ಚಿಸುವ ಪುಡಿಗಳಲ್ಲಿ ಹಲವು ಮುಖ್ಯವಾಗಿ ಪಿಷ್ಟ ಮತ್ತು ಸಕ್ಕರೆಯಿಂದಲೇ ಕೂಡಿರುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಲ್ಲಿ, ಮೈಕಟ್ಟು ಬೆಳೆಸಲು ಪ್ರೋಟೀನ್ ಪುಡಿಗಳ ಮೊರೆ ಹೋಗದಿರುವಂತೆ ಸಲಹೆ ನೀಡಿದೆ. ಶೀಘ್ರ ಫಲದ ಆಸೆಗೆ ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವುದಂತೂ ಹೃದಯ, ಯಕೃತ್ತು ಹಾಗೂ ಸಂತಾನಶಕ್ತಿಗೆ ಅಪಾಯ.

ಗರಡಿಮನೆಯ ಪೈಲ್ವಾನರು ತುಪ್ಪ, ಬಾದಾಮಿ ಜೀರ್ಣಿಸಿಕೊಂಡದ್ದು ನೂರಾರು ದಂಡೆ, ಬೈಠಕ್‌ಗಳ ಬಲದಿಂದ. ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತು ಸಂಜೆ ಒಂದು ಗಂಟೆ ಬೆವರಿಳಿಸುವವರಿಗೆ ಆ ಊಟ ಹೊಂದದು.

ವೈದ್ಯರನ್ನು ಕಾಣಬೇಕಾದುದು ಯಾವಾಗ?

ಚೆನ್ನಾಗಿ ಉಂಡರೂ ತೂಕ ಇಳಿಯುತ್ತಿದ್ದರೆ ಊಟ ಹೆಚ್ಚಿಸುವುದು ಪರಿಹಾರವಲ್ಲ. ಅತಿಯಾದ ಬಾಯಾರಿಕೆ ಮತ್ತು ಪದೇ ಪದೇ ಮೂತ್ರ ಮಧುಮೇಹದ, ಎದೆಬಡಿತ ಮತ್ತು ವಿಪರೀತ ಬೆವರು ಥೈರಾಯ್ಡ್ ತೊಂದರೆಯ, ಎರಡು ವಾರ ಮೀರಿದ ಕೆಮ್ಮು ಹಾಗೂ ಸಂಜೆಯ ಜ್ವರ ಕ್ಷಯದ ಸೂಚನೆ ಇರಬಹುದು. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರ ಸಲಹೆಯಿಲ್ಲದೆ ಪ್ರೋಟೀನ್ ಹೆಚ್ಚಿಸಬಾರದು.

ಆರೋಗ್ಯವಂತರ ಪಾಲಿಗೆ ನಿಂತ ಮುಳ್ಳು ಸೋಲಿನ ಗುರುತಲ್ಲ. ದೇಹ ಬೆಳೆದಿದೆ, ಹಳೆಯ ಅಳತೆ ಸಾಲದಾಗಿದೆ ಎಂಬ ಸೂಚನೆಯಷ್ಟೆ. ಅದಕ್ಕೆ ಒಂದು ಹಿಡಿ ಶೇಂಗಾ ಮತ್ತು ಎರಡು ವಾರಗಳ ತಾಳ್ಮೆ ಸಾಕಾಗಬಹುದು.