ಕೂಸು ಕಟ್ಟಿಕೊಂಡು ಪುಣೆಗೆ: ನಂಬಿಕೆ ಎಷ್ಟು, ನಿಜ ಎಷ್ಟು

ಕೆಲಸ ಪುಣೆಗೆ ಬದಲಾಗಿದೆ, ಬೆಂಗಳೂರಿನ ಮನೆ ಖಾಲಿ ಮಾಡಿ ಐದು ತಿಂಗಳ ಕೂಸನ್ನು ಕರೆದುಕೊಂಡು ಕಾರಿನಲ್ಲೇ ಹೊರಡುತ್ತಿದ್ದೇವೆ ಎಂದು ಮನೆಯಲ್ಲಿ ಹೇಳಿ ನೋಡಿ. ಅತ್ತೆಗೆ ಶೀತದ ಚಿಂತೆ, ಅಮ್ಮನಿಗೆ ದೃಷ್ಟಿಯ ಚಿಂತೆ, ಮಾವನವರಿಗೆ ಮಂಗಳವಾರದ ಚಿಂತೆ. ಕೂಸು ಕಾರಿನಲ್ಲಿ ಎಲ್ಲಿ ಕೂರುತ್ತದೆ, ಗಾಡಿ ಓಡಿಸುವವನು ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದ ಎಂದು ಮಾತ್ರ ಯಾರೂ ಕೇಳುವುದಿಲ್ಲ. ದೊಡ್ಡ ಅಪಾಯ ಇರುವುದು ಆ ಎರಡು ಕಡೆ.

“ಅಮ್ಮನ ಮಡಿಲಿಗಿಂತ ಭದ್ರ ಜಾಗ ಇನ್ಯಾವುದು?”

ನಿಂತ ಕಾರಿನಲ್ಲಿ ಇನ್ಯಾವುದೂ ಇಲ್ಲ, ಒಪ್ಪೋಣ. ಓಡುವ ಕಾರಿನ ಲೆಕ್ಕ ಬೇರೆ. ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದ ಕಾರು ಗುದ್ದಿ, ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ನಿಂತಿತು ಎನ್ನಿ. ಆಗ 7 ಕೆ.ಜಿ. ಕೂಸನ್ನು ಹಿಡಿದಿಡಲು ಸುಮಾರು 100 ಕೆ.ಜಿ. ಮೂಟೆ ಎತ್ತುವಷ್ಟು ಬಲ ಬೇಕು. ಹೆದ್ದಾರಿಯಲ್ಲಿ ನಾವು ಹೋಗುವುದು 50ರಲ್ಲಂತೂ ಅಲ್ಲ. ಒಂದೇ ಬೆಲ್ಟಿನೊಳಗೆ ತಾಯಿ, ಕೂಸು ಇಬ್ಬರೂ ಸೇರಿಕೊಳ್ಳುವುದು ಇನ್ನೂ ಕೆಟ್ಟದ್ದು. ಗುದ್ದಿದಾಗ ತಾಯಿಯ ಮೈಭಾರವೆಲ್ಲ ಬೀಳುವುದು ಕೂಸಿನ ಮೇಲೆಯೇ.

ಶಿಶುಗಳ ಕಾರ್ ಸೀಟ್ ಇರುವುದು ಇದಕ್ಕೆ. ಅದನ್ನು ಹಿಂದಿನ ಸೀಟಿಗೆ ಬಿಗಿಯಬೇಕು, ಕೂಸಿನ ಮುಖ ಕಾರಿನ ಹಿಂಭಾಗದ ಕಡೆ ಇರಬೇಕು. ಎಳೆಮಗುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕತ್ತು ಇನ್ನೂ ಎಳಸು. ಹಿಂದಕ್ಕೆ ಮುಖ ಮಾಡಿದ್ದರೆ ಎದುರಿನ ಪೆಟ್ಟನ್ನು ಸೀಟಿನ ಬೆನ್ನು ತಾಳಿಕೊಳ್ಳುತ್ತದೆ, ಕತ್ತು ಮುಂದಕ್ಕೆ ಚಿಮ್ಮುವುದಿಲ್ಲ. ಯುರೋಪಿನ ಆರ್129 ಮಾನದಂಡದ ಸೀಟುಗಳಲ್ಲಿ 15 ತಿಂಗಳು ತುಂಬುವವರೆಗೆ ಹೀಗೇ ಕೂರಿಸಬೇಕು. ಈ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಮಾತ್ರ ಇಡಲೇಬಾರದು. ಉಬ್ಬಿದ ಬ್ಯಾಗ್ ನೇರ ಕೂಸಿನ ತಲೆಯ ಹಿಂದಕ್ಕೆ ಅಪ್ಪಳಿಸುತ್ತದೆ. ನಮ್ಮ ಕಾನೂನೂ ಸುಮ್ಮನಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಕಲಂ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟಿನಲ್ಲಾಗಲಿ ಮಕ್ಕಳ ಸೀಟಿನಲ್ಲಾಗಲಿ ಕಟ್ಟದೆ ಗಾಡಿ ಓಡಿಸಿದರೆ ₹1,000 ದಂಡ. ಹಾಗೆ ದಂಡ ಕಟ್ಟಿದವರನ್ನು ನಾನಂತೂ ಕಂಡಿಲ್ಲ.

ಸೀಟ್ ಕೊಂಡರೆ ಸಾಲದು, ಕಟ್ಟುವುದೂ ಬರಬೇಕು. ಪಟ್ಟಿ ಬಿಗಿದ ಮೇಲೆ ಹೆಗಲ ಹತ್ತಿರ ಅದನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಬೆರಳ ಸಂದಿಗೆ ಮಡಿಕೆ ಸಿಕ್ಕಿತೇ, ಇನ್ನೂ ಸಡಿಲ ಇದೆ. ದಪ್ಪ ಸ್ವೆಟರಿನ ಮೇಲೆ ಪಟ್ಟಿ ಹಾಕಿದರೆ ಬಿಗಿಯಾಗಿ ಕಂಡರೂ ಒಳಗೆ ಸಡಿಲವೇ. ತೆಳು ಬಟ್ಟೆಯಲ್ಲಿ ಕಟ್ಟಿ, ಚಳಿ ಎನಿಸಿದರೆ ಪಟ್ಟಿಯ ಮೇಲಿಂದ ಹೊದಿಸಿ. ಕೊರಳಿನ ಕರಿದಾರ, ಮಣಿಸರ ಬಿಚ್ಚಿಡಿ. ಪಟ್ಟಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟಬಹುದು. ದೃಷ್ಟಿಗೆ ಸೊಂಟದ ಉಡಿದಾರ ಸಾಕು ಎಂದರೆ ಅಜ್ಜಿಯೂ ಒಪ್ಪುತ್ತಾರೆ.

“ರಾತ್ರಿ ಹೊರಟರೆ ಕೂಸು ಮಲಗಿರುತ್ತೆ, ಬೆಳಗಾಗೋದರೊಳಗೆ ಪುಣೆ”

ಕೂಸು ಮಲಗಿರುತ್ತದೆ, ನಿಜ. ಆದರೆ ಎಚ್ಚರ ಇರಬೇಕಾದವನು ಅಪ್ಪ. ದಿನವಿಡೀ ರಟ್ಟಿನ ಡಬ್ಬ ಕಟ್ಟಿ, ಲಾರಿಗೆ ಸಾಮಾನು ಏರಿಸಿ, ಅದಕ್ಕೂ ಹಿಂದಿನ ರಾತ್ರಿ ಕೂಸಿನ ಅಳುವಿಗೆ ನಾಲ್ಕು ಸಲ ಎದ್ದವನು ಅವನು. ಸತತ 17ರಿಂದ 19 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ 100 ಮಿ.ಲೀ.ಗೆ 50 ಮಿ.ಗ್ರಾಂ ಮದ್ಯ ಇದ್ದವರಷ್ಟೇ ಕುಗ್ಗುತ್ತದೆ ಎಂದು ಪರೀಕ್ಷೆಗಳು ತೋರಿಸಿವೆ. ನಮ್ಮ ಕಾನೂನು ಬಿಡುವುದು 30ರವರೆಗೆ ಮಾತ್ರ. ಅಂದರೆ ಒಂದು ತೊಟ್ಟೂ ಕುಡಿಯದೆ ಕುಡಿದವನಂತೆ ಗಾಡಿ ಓಡಿಸುವುದು. ನಡುರಾತ್ರಿ ಎರಡರಿಂದ ನಸುಕಿನ ಐದರವರೆಗೆ ದೇಹವೇ ನಿದ್ದೆಗೆ ಎಳೆಯುತ್ತದೆ. ದೀಪವಿಲ್ಲದೆ ಹೆದ್ದಾರಿಯ ಅಂಚಿಗೆ ನಿಂತ ಲಾರಿಗಳು ಎದುರಾಗುವುದೂ ಆ ಹೊತ್ತಿನಲ್ಲೇ.

ಬೆಂಗಳೂರು–ಪುಣೆ ಸುಮಾರು 840 ಕಿ.ಮೀ., ಓಡಿಸುವ ಸಮಯವೇ ಹದಿನಾಲ್ಕು ಗಂಟೆ ಹಿಡಿಯಿರಿ. ಎರಡು ಗಂಟೆಗೊಮ್ಮೆ ಅರ್ಧ ಗಂಟೆ ನಿಂತರೆ ಹದಿನೇಳು ಮುಟ್ಟುತ್ತದೆ. ಒಂದೇ ದಿನಕ್ಕೆ ಮುಗಿಸುವ ಆಸೆ ಬಿಟ್ಟು ಹುಬ್ಬಳ್ಳಿ–ಧಾರವಾಡದಲ್ಲಿ ತಂಗಿ. ಬೆಳಕು ಹರಿಯುತ್ತಲೇ ಹೊರಟು ಶಿರಾ, ದಾವಣಗೆರೆ, ಹಾವೇರಿಯಲ್ಲಿ ನಿಂತು ನಿಂತು ಹೋದರೂ ಮಧ್ಯಾಹ್ನ ಇಳಿಯುವಷ್ಟರಲ್ಲಿ ಹುಬ್ಬಳ್ಳಿ. ದಾರಿಯಲ್ಲಿ ಕೂಸಿಗೆ ಏನಾದರೂ ಆದರೆ ಎಂಬ ಭಯಕ್ಕೂ ಈ ರಸ್ತೆಯಲ್ಲಿ ಉತ್ತರವಿದೆ: ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ ಎಲ್ಲವೂ ಜಿಲ್ಲಾ ಕೇಂದ್ರಗಳೇ, ಜಿಲ್ಲಾಸ್ಪತ್ರೆಗಳಿವೆ. ಹೆದ್ದಾರಿ ಸಹಾಯವಾಣಿ 1033, ಆಂಬುಲೆನ್ಸ್ 108.

ಎರಡು ಗಂಟೆಯ ಲೆಕ್ಕಕ್ಕೆ ಕಾರಣ ಉಂಟು. “ಮಲಗಿದ ಮಗುವನ್ನು ಎಬ್ಬಿಸಬಾರದು” ಎಂಬ ಮಾತು ತೊಟ್ಟಿಲಿಗೆ ಸರಿ, ಕಾರ್ ಸೀಟಿಗಲ್ಲ. ಅದರಲ್ಲಿ ಅರೆ ಕೂತ ಭಂಗಿಯಲ್ಲೇ ಬಹಳ ಹೊತ್ತು ಇದ್ದರೆ ಗದ್ದ ಎದೆಗೆ ಬಾಗಿ ಉಸಿರಿನ ದಾರಿ ಕಿರಿದಾಗಬಹುದು. ನಿಂತಾಗೆಲ್ಲ ಹೊರತೆಗೆದು, ಚಪ್ಪಟೆ ಜಾಗದಲ್ಲಿ ಅಂಗಾತ ಮಲಗಿಸಿ ಕೈಕಾಲು ಆಡಿಸಲು ಬಿಡಿ. ಹಾಲು ಕುಡಿಸುವುದೂ ಆಗಲೇ, ಓಡುವ ಗಾಡಿಯಲ್ಲಿ ಬೇಡ. ತಿಂಡಿಗೆ ಇಳಿಯುವಾಗ ಕೂಸನ್ನು ಒಳಗೆ ಬಿಟ್ಟು ಕಿಟಕಿ ಎರಡು ಬೆರಳು ಇಳಿಸಿದರೆ ಸಾಕು ಎನ್ನುವವರಿದ್ದಾರೆ. ಸಾಲದು. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಹತ್ತೇ ನಿಮಿಷಕ್ಕೆ 10 ಡಿಗ್ರಿಯಷ್ಟು ಶಾಖ ಏರಬಲ್ಲದು.

“ಒಂಚೂರು ಸಿರಪ್ ಹಾಕಿ, ಹಾಯಾಗಿ ಮಲಗುತ್ತೆ”

ಇದು ಪಿಸುಮಾತಿನಲ್ಲಿ ಸಿಗುವ ಸಲಹೆ. ನೆಗಡಿ ಸಿರಪ್ಪಿನ ಮಂಪರು ಶಿಶುವಿನ ಉಸಿರಾಟವನ್ನೇ ನಿಧಾನಿಸಬಹುದು. ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಬೆರೆತ ಸಿರಪ್‌ಗಳನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂಬ ಎಚ್ಚರಿಕೆಯನ್ನು ಬಾಟಲಿಯ ಮೇಲೆ ಮುದ್ರಿಸಲು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2023ರ ಡಿಸೆಂಬರಿನಲ್ಲಿ ಸೂಚಿಸಿತು. ಜಾಯಿಕಾಯಿ ತೇಯ್ದು ನೆಕ್ಕಿಸುವುದೂ ಅದೇ ಜಾತಿ. ಮಂಪರು ತರುವ ಅಂಶ ಅದರಲ್ಲಿದೆ, ತೇಯ್ದದ್ದು ಎಷ್ಟು ಎಂದು ಅಳೆದವರಿಲ್ಲ. ಜೇನುತುಪ್ಪ ವರ್ಷ ತುಂಬುವವರೆಗೆ ಬೇಡವೇ ಬೇಡ, ಅದರಿಂದ ಬೊಟುಲಿಸಂ ಎಂಬ ಪಾರ್ಶ್ವವಾಯುವಿನಂಥ ಕಾಯಿಲೆ ಬರಬಹುದು.

ಬಿಸಿಲಿಗೆ ನೀರು ಕುಡಿಸಬೇಕೆಂಬುದೂ ಹಾಗೆಯೇ. ತಾಯಿಹಾಲಿನಲ್ಲಿ ನೂರಕ್ಕೆ 88ರಷ್ಟು ನೀರೇ. ಆರು ತಿಂಗಳವರೆಗೆ ಬೇರೆ ನೀರು ಬೇಕಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ; ಸೆಕೆ ಹೆಚ್ಚಿದರೆ ಹಾಲನ್ನೇ ಹೆಚ್ಚು ಸಲ ಕೊಡುವುದು. ನೀರು ಕುಡಿಯಬೇಕಾದವಳು ತಾಯಿ. ಪುಡಿಹಾಲಾದರೆ ಕುಡಿಸುವ ಹೊತ್ತಿಗೆ ಕಲಸಿ, ಕಲಸಿದ್ದನ್ನು ಎರಡು ಗಂಟೆ ಮೀರಿ ಇಡಬೇಡಿ.

ಎಸಿಯಿಂದ ಶೀತವಾಗದು, ಶೀತ ತರುವುದು ವೈರಸ್. ಗಾಳಿ ನೇರ ಮುಖಕ್ಕೆ ಬಡಿಯದಿದ್ದರೆ ಸಾಕು. ಕಕ್ಕಿದ ಹಾಲನ್ನು ಕಂಡು ಪ್ರಯಾಣದ ವಾಂತಿ ಎಂದು ಗಾಬರಿಯಾಗಬೇಡಿ, ಎರಡು ವರ್ಷದೊಳಗೆ ಅದು ಬರುವುದು ಅಪರೂಪ. ಮೂರು ತಿಂಗಳು ಕೂಸನ್ನು ಹೊಸ್ತಿಲು ದಾಟಿಸಬಾರದೆಂಬ ಹಳಬರ ಮಾತನ್ನು ಮಾತ್ರ ನಾನು ತಳ್ಳಿಹಾಕಲಾರೆ. ಕಾರಣ ಅವರು ದೃಷ್ಟಿ ಎಂದರು, ನಾವು ಸೋಂಕು ಎನ್ನುತ್ತೇವೆ. ಸಾಧ್ಯವಿದ್ದರೆ 14 ವಾರದ ಲಸಿಕೆ ಮುಗಿಸಿ, ಚುಚ್ಚಿದ ಎರಡು ದಿನ ಜ್ವರ ನೋಡಿಕೊಂಡು ಹೊರಡಿ.

“ಲಸಿಕೆ ಶುರು ಮಾಡಿದ ಕಡೆಯೇ ಮುಗಿಸಬೇಕು” ಎಂದು ಮನೆ ಬದಲಿಸುವುದನ್ನೇ ಮುಂದೂಡುವವರುಂಟು. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಇಡೀ ದೇಶದ್ದು. ಒಂಬತ್ತು ತಿಂಗಳ ದಡಾರ–ರುಬೆಲ್ಲಾ ಲಸಿಕೆ ಪುಣೆಯ ಸರ್ಕಾರಿ ಆಸ್ಪತ್ರೆಯಲ್ಲೂ ಉಚಿತ. ತಡವಾದರೂ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು. ಬೇಕಿರುವುದು ಲಸಿಕೆಗಳ ದಾಖಲೆ ಇರುವ ತಾಯಿ ಕಾರ್ಡ್.

ಆ ಕಾರ್ಡ್ ಲಾರಿಗೆ ಹೋಗದಂತೆ ನೋಡಿಕೊಳ್ಳಿ. “ನೀವು ತಲುಪೋದರೊಳಗೆ ಸಾಮಾನು ಬಂದಿರುತ್ತೆ” ಎಂದು ಪ್ಯಾಕರ್ಸ್‌ನವರು ಹೇಳಿದರೂ, ನಾಲ್ಕು ಮನೆಯ ಸಾಮಾನು ಒಂದೇ ಲಾರಿಗೆ ತುಂಬುವುದಾದರೆ ಎಲ್ಲ ತುಂಬುವವರೆಗೆ ಅದು ಗೋಡೌನಿನಲ್ಲೇ ನಿಲ್ಲಬಹುದು. ನಿಮ್ಮ ಮನೆಗೆಂದೇ ಪೂರ್ತಿ ಲಾರಿಯೋ, ಪಾಲಿನದೋ ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ. ಮೂರು ದಿನದ ಡೈಪರ್, ಬಟ್ಟೆ, ಥರ್ಮಾಮೀಟರ್, ಡಾಕ್ಟರ ಚೀಟಿಗಳು, ತೊಟ್ಟಿಲಿನ ಬದಲಿಗೆ ಒಂದು ಗಟ್ಟಿ ತೆಳು ಹಾಸಿಗೆ, ಇಷ್ಟು ಕಾರಿನಲ್ಲಿರಲಿ. ಇವನ್ನು ಹಿಂದಿನ ಗಾಜಿನ ಕೆಳಗೆ ಒಟ್ಟಬೇಡಿ, ಗಟ್ಟಿ ಬ್ರೇಕ್ ಹಾಕಿದರೆ ಹಾರಿ ಬರುತ್ತವೆ, ಡಿಕ್ಕಿಯಲ್ಲಿಡಿ.