ವಿಡಿಯೊ ತೆರೆದರೆ ಫೋನ್ ಹ್ಯಾಕ್ ಆಗುತ್ತದೆಯೇ? 1988ರ ಒಂದು ಪುಟ್ಟ ಪ್ರೋಗ್ರಾಮ್ ಹೇಳುವ ಕಥೆ

ನಾಳೆ ವಾಟ್ಸಾಪ್‌ನಲ್ಲಿ ‘ಮಾರ್ಟಿನೆಲ್ಲಿ’ ಎಂಬ ವಿಡಿಯೊ ಬರುತ್ತದೆ, ತೆರೆದರೆ ಫೋನ್ ಹ್ಯಾಕ್ ಆಗುತ್ತದೆ, ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ, ಎಲ್ಲರಿಗೂ ತಿಳಿಸಿ. ಈ ಅರ್ಥದ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ವರ್ಷಗಳಿಂದ ಇದು ಸುತ್ತುತ್ತಿದೆ, ಆ ‘ನಾಳೆ’ ಮಾತ್ರ ಇನ್ನೂ ಬಂದಿಲ್ಲ.

ಅಂಥ ವಿಡಿಯೊ ಇಲ್ಲ. ಆದರೆ ‘ಇದು ಸುಳ್ಳು’ ಎಂದಷ್ಟೇ ಹೇಳಿ ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಏಕೆಂದರೆ ಹೊರಗಿನಿಂದ ಬಂದ ಒಂದು ಫೈಲ್, ಒಂದು ಕರೆ, ಅಷ್ಟೇ ಏಕೆ ಒಂದು ಸಾಲು ಅಕ್ಷರ ಕೂಡ ಯಂತ್ರದ ಹಿಡಿತವನ್ನು ಬೇರೆಯವರ ಕೈಗೆ ಕೊಟ್ಟ ಉದಾಹರಣೆಗಳಿವೆ. ಇದಕ್ಕೆ ಕಾರಣವಾಗುವ ದೋಷಗಳಲ್ಲಿ ತುಂಬಾ ಹಳೆಯದು, ಇನ್ನೂ ಪೂರ್ತಿ ತೊಲಗದಿರುವುದು ‘ಬಫರ್ ಓವರ್‌ಫ್ಲೋ’.

‘ಲಾಸ್ಟ್ ಸೀನ್’ನ ಅಜ್ಜ

1980ರ ದಶಕದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಯುನಿಕ್ಸ್ ಕಂಪ್ಯೂಟರ್‌ಗಳಲ್ಲಿ ‘ಫಿಂಗರ್’ ಎಂಬ ಸೇವೆ ಇತ್ತು. ಯಾರದಾದರೂ ಹೆಸರು ಕಳುಹಿಸಿದರೆ ಅವರು ಈಗ ಲಾಗಿನ್ ಆಗಿದ್ದಾರೆಯೇ, ಕೊನೆಗೆ ಯಾವಾಗ ಬಂದಿದ್ದರು, ಅವರ ಕಚೇರಿಯ ಫೋನ್ ನಂಬರ್ ಏನು ಎಂದು ತಿಳಿಸುತ್ತಿತ್ತು. ಇಂದಿನ ‘ಲಾಸ್ಟ್ ಸೀನ್’ನ ಅಜ್ಜ ಅನ್ನಿ. ಹೊರಗಿನಿಂದ ಬರುವ ಇಂಥ ಪ್ರಶ್ನೆಗಳಿಗೆ ಉತ್ತರಿಸಲು ‘ಫಿಂಗರ್‌ಡಿ’ ಎಂಬ ಪುಟ್ಟ ಪ್ರೋಗ್ರಾಮ್ ಸದಾ ಕಾದು ಕುಳಿತಿರುತ್ತಿತ್ತು.

ಬರುವ ಹೆಸರನ್ನು ಇಟ್ಟುಕೊಳ್ಳಲು ಅದು 512 ಬೈಟ್ ಜಾಗ ಕಾಯ್ದಿರಿಸಿತ್ತು. ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಹಾಗಾಗಿ ಎಂಥ ಉದ್ದದ ಹೆಸರಿಗೂ ಇದು ಧಾರಾಳ. ತೊಂದರೆ ಇದ್ದದ್ದು ಬೇರೆ ಕಡೆ. ಹೆಸರನ್ನು ಓದಲು ಬಳಸಿದ್ದ ಸಿ ಭಾಷೆಯ ‘ಗೆಟ್ಸ್’ ಎಂಬ ಫಂಕ್ಷನ್‌ಗೆ ಜಾಗ ಎಷ್ಟಿದೆ ಎಂದು ಹೇಳುವ ದಾರಿಯೇ ಇರಲಿಲ್ಲ. ಸಾಲು ಮುಗಿಯುವವರೆಗೆ ಅದು ತುಂಬುತ್ತಲೇ ಹೋಗುತ್ತಿತ್ತು.

ಒಂದು ಅರ್ಜಿ ನಮೂನೆಯನ್ನು ನೆನಪಿಸಿಕೊಳ್ಳಿ. ಹೆಸರು ಬರೆಯಲು ಒಂದಷ್ಟು ಚೌಕಗಳು, ಅವುಗಳ ಪಕ್ಕದಲ್ಲೇ ‘ಕಚೇರಿ ಬಳಕೆಗೆ ಮಾತ್ರ’ ಎಂಬ ಕಾಲಂ. ಆ ಕಾಲಂನಲ್ಲಿ ‘ಮುಂದೆ 4ನೇ ಕೌಂಟರ್‌ಗೆ ಕಳುಹಿಸಿ’ ಎಂದು ಬರೆದಿದೆ. ಯಾರೋ ಒಬ್ಬರು ಹೆಸರು ಬರೆಯುತ್ತಾ ಬರೆಯುತ್ತಾ ಚೌಕ ದಾಟಿ ಕಚೇರಿಯ ಕಾಲಂ ಮೇಲೂ ತಮಗೆ ಬೇಕಾದ್ದನ್ನು ಗೀಚಿದರೆ? ಗುಮಾಸ್ತರು ಅರ್ಜಿಯನ್ನು ಹಿಂದಕ್ಕೆಸೆದು ಬೈಯುತ್ತಾರೆ. ಕಂಪ್ಯೂಟರ್ ಬೈಯುವುದಿಲ್ಲ. ಆ ಕಾಲಂನಲ್ಲಿ ಏನಿದೆಯೋ ಅದೇ ಆದೇಶ ಎಂದು ಪಾಲಿಸುತ್ತದೆ.

ಮೆಮೊರಿಯಲ್ಲೂ ಹೀಗೆಯೇ. ಆ 512 ಬೈಟ್‌ಗಳ ಆಚೆ, ‘ಈ ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗಬೇಕು’ ಎಂಬ ವಿಳಾಸ ಇರುತ್ತಿತ್ತು. 1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟಪ್ಪನ್ ಮಾರಿಸ್ ಬಿಟ್ಟ ‘ವರ್ಮ್’, ಅಂದರೆ ತಾನಾಗಿಯೇ ಹರಡುವ ಪ್ರೋಗ್ರಾಮ್, ಫಿಂಗರ್‌ಡಿಗೆ ಹೆಸರಿನ ಬದಲು 536 ಬೈಟ್ ಕಳುಹಿಸಿತು. ಹೆಚ್ಚಿಗೆ ಇದ್ದದ್ದು ಬರೀ 24 ಬೈಟ್. ಹಳೆಯ ವಿಳಾಸ ಅಳಿಸಿಹೋಗಿ, ವರ್ಮ್ ತನ್ನ ಆದೇಶಗಳನ್ನು ಇಟ್ಟಿದ್ದ ಜಾಗದ ವಿಳಾಸ ಅಲ್ಲಿ ಕುಳಿತಿತು. ಆ ಕಡೆ ಕೀಬೋರ್ಡ್ ಮುಂದೆ ಯಾರೂ ಏನನ್ನೂ ಒತ್ತಬೇಕಿರಲಿಲ್ಲ.

ಈ ತಂತ್ರ ನಡೆದದ್ದು ‘ವ್ಯಾಕ್ಸ್’ ಮಾದರಿಯ ಯಂತ್ರಗಳಲ್ಲಿ ಮಾತ್ರ. ಸನ್ ಕಂಪನಿಯ ಯಂತ್ರಗಳಿಗೆ ಹೊಂದುವ ಆದೇಶ ಅದರಲ್ಲಿ ಇರಲಿಲ್ಲ, ಅಲ್ಲಿ ಫಿಂಗರ್‌ಡಿ ಸುಮ್ಮನೆ ಕುಸಿದು ಬೀಳುತ್ತಿತ್ತು. ಇಮೇಲ್ ಪ್ರೋಗ್ರಾಮಿನ ಒಂದು ದೋಷ, ಸುಲಭದ ಪಾಸ್‌ವರ್ಡ್‌ಗಳು ಹೀಗೆ ಬೇರೆ ದಾರಿಗಳೂ ವರ್ಮ್‌ಗೆ ಇದ್ದವು. ಆಗ ಇಂಟರ್ನೆಟ್‌ನಲ್ಲಿದ್ದ ಸುಮಾರು 60,000 ಕಂಪ್ಯೂಟರ್‌ಗಳಲ್ಲಿ 6,000ದಷ್ಟಕ್ಕೆ ಅದು ತಗುಲಿತು ಎನ್ನುತ್ತಾರೆ, ಇದು ಅಂದಾಜು ಅಷ್ಟೆ. ಅದು ಯಾವ ಫೈಲನ್ನೂ ಅಳಿಸಲಿಲ್ಲ. ಒಂದೇ ಯಂತ್ರಕ್ಕೆ ಮತ್ತೆ ಮತ್ತೆ ನುಗ್ಗಿ, ಯಂತ್ರಗಳು ಉಸಿರುಗಟ್ಟಿದಂತೆ ನಿಂತುಬಿಟ್ಟವು.

ಮಾರಿಸ್‌ಗೆ 1990ರಲ್ಲಿ ಶಿಕ್ಷೆಯಾಯಿತು: 3 ವರ್ಷ ಪ್ರೊಬೇಷನ್, 400 ಗಂಟೆ ಸಮಾಜಸೇವೆ, 10,050 ಡಾಲರ್ ದಂಡ. ಮುಂದೆ ಅವರೇ ಎಂಐಟಿಯಲ್ಲಿ ಪ್ರಾಧ್ಯಾಪಕರಾದರು! ನನಗೆ ಇದಕ್ಕಿಂತ ಮುಖ್ಯ ಎನಿಸುವುದು ಫಿಂಗರ್‌ಡಿಗೆ ಸಿಕ್ಕ ಪರಿಹಾರ. ‘ಗೆಟ್ಸ್’ ತೆಗೆದು, ‘ಇಷ್ಟೇ ಓದು’ ಎಂದು ಅಳತೆ ಹೇಳಬಹುದಾದ ‘ಎಫ್‌ಗೆಟ್ಸ್’ ಹಾಕಿದರು, ಆ ತೂತು ಮುಚ್ಚಿತು. ಸಿ ಭಾಷೆಯ ಅಧಿಕೃತ ಮಾನದಂಡದಿಂದ ‘ಗೆಟ್ಸ್’ ಹೊರಬೀಳಲು ಮಾತ್ರ 2011 ಬರಬೇಕಾಯಿತು.

ವಾಟ್ಸಾಪ್‌ಗೂ ಇದಕ್ಕೂ ಏನು ಸಂಬಂಧ?

2019ರ ಮೇ ತಿಂಗಳಲ್ಲಿ ವಾಟ್ಸಾಪ್ ತನ್ನ ಕರೆ ವ್ಯವಸ್ಥೆಯಲ್ಲಿದ್ದ ಒಂದು ದೋಷವನ್ನು ಸರಿಪಡಿಸಿ, ಕೂಡಲೇ ಅಪ್‌ಡೇಟ್ ಮಾಡಿಕೊಳ್ಳಿ ಎಂದು ಬಳಕೆದಾರರಿಗೆ ಹೇಳಿತು. ಅದೂ ಬಫರ್ ಓವರ್‌ಫ್ಲೋ. ಕರೆ ಎತ್ತುವುದೇ ಬೇಕಿರಲಿಲ್ಲ, ಬಂದರೆ ಸಾಕಿತ್ತು. ಸುಮಾರು 1,400 ಜನರ ಫೋನ್‌ಗಳನ್ನು ಗುರಿ ಮಾಡಲಾಗಿತ್ತು ಎಂದು ವಾಟ್ಸಾಪ್ ಆ ವರ್ಷ ಅಕ್ಟೋಬರ್‌ನಲ್ಲಿ ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ಗುರಿಯಾದವರಲ್ಲಿ ಭಾರತದ ಪತ್ರಕರ್ತರು, ಹೋರಾಟಗಾರರೂ ಇದ್ದರು.

ಅದೇ ವರ್ಷ ನವೆಂಬರ್‌ನಲ್ಲಿ ಇನ್ನೊಂದು ಓವರ್‌ಫ್ಲೋ ಬಯಲಾಯಿತು. ಈ ಬಾರಿ ಎಂಪಿ4 ವಿಡಿಯೊ ಫೈಲ್ ಓದುವ ಭಾಗದಲ್ಲಿ. ನಮ್ಮ ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೂಡ ಎಚ್ಚರಿಕೆ ನೀಡಿತು. (‘ಸರ್ಟ್’ ಎಂಬ ಹೆಸರು ಹುಟ್ಟಿದ್ದೂ ಮಾರಿಸ್ ವರ್ಮ್‌ನ ಬೆನ್ನಿಗೇ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ.)

ಹಾಗಾದರೆ ಮಾರ್ಟಿನೆಲ್ಲಿ ಸಂದೇಶ ನಿಜವೇ ಆಯಿತಲ್ಲ ಎನ್ನಬೇಡಿ. ದೋಷ ಇರುವುದು ಫೈಲನ್ನು ಓದುವ ಆ್ಯಪ್‌ನಲ್ಲಿ. ದಾಳಿ ಮಾಡುವವರು ವಿಡಿಯೊಗೆ ಯಾವ ಹೆಸರನ್ನಾದರೂ ಇಡಬಹುದು, ‘ಗುಡ್ ಮಾರ್ನಿಂಗ್’ ಎಂದೂ ಇಡಬಹುದು. ಒಂದು ಹೆಸರನ್ನು ನೆನಪಿಟ್ಟುಕೊಂಡು ಏನು ಉಪಯೋಗ? ಇನ್ನು ‘ಏನು ಮಾಡಿದರೂ ಸರಿಹೋಗುವುದಿಲ್ಲ’ ಎಂಬುದು ಆ ಸಂದೇಶದ ಅತಿ ಅಪಾಯಕಾರಿ ಸುಳ್ಳು. ಮೇಲಿನ ಎರಡೂ ವಾಟ್ಸಾಪ್ ದೋಷಗಳು ಅಪ್‌ಡೇಟ್‌ನಿಂದ ಮುಚ್ಚಿದವು. ಅಪ್‌ಡೇಟ್ ಅನ್ನು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದಲೇ ಮಾಡಿ, ಸಂದೇಶದಲ್ಲಿ ಬಂದ ಲಿಂಕ್‌ನಿಂದ ಬೇಡ.

ಆ್ಯಪ್‌ನಂತೆ ಫೋನ್‌ಗೂ ಅಪ್‌ಡೇಟ್ ಬರಬೇಕು. ಮನೆಗೆ ಹೊಸ ಫೋನ್ ಬಂದಾಗ ಹಳೆಯದು ಸಾಮಾನ್ಯವಾಗಿ ಅಮ್ಮನದೋ ಅಜ್ಜನದೋ ಪಾಲು. ಕಂಪನಿ ಅದಕ್ಕೆ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿ ವರ್ಷಗಳೇ ಆಗಿರಬಹುದು. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ‘ಸೆಕ್ಯುರಿಟಿ ಅಪ್‌ಡೇಟ್’ ಎಂದು ಹುಡುಕಿ, ದಿನಾಂಕ ಕಾಣಿಸುತ್ತದೆ. ಅದು ಎರಡು ಮೂರು ವರ್ಷ ಹಳೆಯದಾಗಿದ್ದು, ಹೊಸ ಅಪ್‌ಡೇಟ್ ಬರುತ್ತಲೂ ಇಲ್ಲವಾದರೆ, ಆ ಫೋನಿನಲ್ಲಿ ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳನ್ನು ಇಡಬೇಡಿ.