ಬೆರೆಟಾ ಪಿಸ್ತೂಲಿನ ತೆರೆದ ಬೆನ್ನು

ಪ್ರಶ್ನೆ: ಇಟಲಿಯ ಬೆರೆಟಾ ‘ಚೀತಾ’ ಪಿಸ್ತೂಲುಗಳಲ್ಲಿ ಮೇಲ್ಭಾಗ ತೆರೆದಿದ್ದು, ನಳಿಗೆ ಹೊರಗೆ ಕಾಣುತ್ತದೆ. ಏಕೆ?

ಉತ್ತರ: ಅದು ಬೆರೆಟಾ ಕಂಪನಿಯ ಹಳೆಯ ಗುರುತು. ಸ್ಲೈಡಿನ (ನಳಿಗೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಸರಿಯುವ ಭಾಗದ) ಮೇಲ್ಭಾಗವನ್ನು ಕತ್ತರಿಸಿ ತೆಗೆದರೆ ಖಾಲಿ ತೋಟಾ ಅಡ್ಡಿಯಿಲ್ಲದೆ ಹೊರಗೆ ಚಿಮ್ಮುತ್ತದೆ. 1934ರ ಮಾದರಿಯಲ್ಲೂ ಇದೇ ರೂಪವಿತ್ತು. ಗಾಂಧೀಜಿಯವರ ಎದೆಗೆ ಗುಂಡು ಹಾರಿಸಿದ್ದು ಆ ಮಾದರಿಯ ಪಿಸ್ತೂಲಿನಿಂದ ಎಂಬುದನ್ನು ನಾವು ಮರೆಯುವಂತಿಲ್ಲ.

ಚೀತಾ ಸರಣಿ ಬಂದದ್ದು 1976ರಲ್ಲಿ. ಇದರಲ್ಲಿ ನಳಿಗೆಯನ್ನೂ ಸ್ಲೈಡನ್ನೂ ಬಿಗಿಹಿಡಿಯುವ ಬೀಗದ ವ್ಯವಸ್ಥೆಯಿಲ್ಲ. ಗುಂಡು ಹೊರಬೀಳುವವರೆಗೆ ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಲವೇ ಒತ್ತಡವನ್ನು ತಡೆಯುತ್ತವೆ. ಆದ್ದರಿಂದಲೇ ಇವು ಹೆಚ್ಚು ಶಕ್ತಿಯಿಲ್ಲದ ಗುಂಡುಗಳಿಗೆ ಸೀಮಿತ: 81ನೇ ಮಾದರಿಗೆ 7.65 ಮಿ.ಮೀ., 84ಕ್ಕೆ 9 ಮಿ.ಮೀ. ಕೊರ್ಟೊ. ಚೌಕಟ್ಟು ಹಗುರವಾದ ಅಲ್ಯೂಮಿನಿಯಂ ಮಿಶ್ರಲೋಹದ್ದು. ಮ್ಯಾಗಜಿನ್‌ನಲ್ಲಿ ಗುಂಡುಗಳನ್ನು ಎರಡು ಸಾಲಾಗಿ ಜೋಡಿಸಿದ್ದರಿಂದ ಇಷ್ಟು ಚಿಕ್ಕ ಪಿಸ್ತೂಲಿನಲ್ಲೂ 12–13 ಗುಂಡುಗಳು ಹಿಡಿಸಿದವು. 85ನೇ ಮಾದರಿಯಲ್ಲಿ ಒಂದೇ ಸಾಲು, ಹಿಡಿ ತೆಳು.

ನನಗೆ ಅತ್ಯಂತ ಜಾಣ ವಿನ್ಯಾಸ ಎನಿಸುವುದು 86ನೇ ಮಾದರಿಯದು. ಅದರ ನಳಿಗೆಯ ಹಿಂಬದಿ ಮೇಲಕ್ಕೆ ತೆರೆದುಕೊಳ್ಳುತ್ತದೆ. ಸ್ಲೈಡನ್ನು ಹಿಂದಕ್ಕೆ ಎಳೆಯುವಷ್ಟು ಕೈಬಲವಿಲ್ಲದವರೂ ಗುಂಡನ್ನು ನೇರವಾಗಿ ಅಲ್ಲಿಡಬಹುದು. 2023ರಲ್ಲಿ ಕಂಪನಿ ಈ ಸರಣಿಗೆ ‘80ಎಕ್ಸ್’ ಹೆಸರಿನಲ್ಲಿ ಮರುಜೀವ ಕೊಟ್ಟಿತು.